ಹನ್ನೆರಡು ಸೆಂಟು ಹಿತ್ತಿಲಿನ ಕಾಗದಗಳು

ಕಾಸರಗೋಡಿನ ಕಡೆಯಲ್ಲಿ ಒಂದು ಮನೆಯನ್ನು ಕೊಳ್ಳುವುದೆಂದರೆ ಅದರ ಗೋಡೆ ಮಾಡುಗಳೊಂದಿಗೆ ಎರಡು ಭಾಷೆಗಳನ್ನೂ ಎರಡು ಆಡಳಿತಗಳ ಚರಿತ್ರೆಯನ್ನೂ ಕೊಂಡಂತೆಯೇ. 1956ರ ನವಂಬರ 1ರಂದು ನಮ್ಮ ತಾಲೂಕು ದಕ್ಷಿಣ ಕನ್ನಡ ಜಿಲ್ಲೆಯಿಂದ ಕಳಚಿ ಕೇರಳ ರಾಜ್ಯಕ್ಕೆ ಸೇರಿತು. ಅದಕ್ಕೆ ಹಿಂದಿನ ಕ್ರಯಪತ್ರ, ವಿಭಾಗಪತ್ರ, ಮೂಲಗೇಣಿ ಚೀಟು, ಅಡವುಪತ್ರಗಳು ಬಹುಮಟ್ಟಿಗೆ ಕನ್ನಡದಲ್ಲಿವೆ. ಅನಂತರದವು ಮೆಲ್ಲಮೆಲ್ಲನೆ ಮಲಯಾಳಕ್ಕೆ ತಿರುಗಿದವು. ಪರಿಣಾಮವಾಗಿ ಅಜ್ಜನ ಕಾಗದವನ್ನು ಮೊಮ್ಮಗನು ಓದಲಾರ. ಮೊಮ್ಮಗನು ಸಹಿ ಹಾಕಿದ ಕಾಗದ ಅಜ್ಜಿಗೆ ತಿಳಿಯದು. ಎರಡನ್ನೂ ಒಂದೇ ಕಟ್ಟಿನಲ್ಲಿ ಸುತ್ತಿಟ್ಟು, 'ನಮ್ಮ ಆಧಾರಗಳೆಲ್ಲ ಸರಿಯಾಗಿವೆ' ಎಂದು ನಂಬಿ ಕುಳಿತ ಮನೆಗಳು ನಮ್ಮಲ್ಲಿ ಎಷ್ಟಿಲ್ಲ!

ನಾನು ವಕೀಲನಲ್ಲ. ಕನ್ನಡ ಶಾಲೆಯಲ್ಲಿ ಮೂವತ್ತೊಂದು ವರ್ಷ ಪಾಠ ಹೇಳಿ ನಿವೃತ್ತನಾದವನು. ಆದರೆ ಹಳೆಯ ಕೈಬರಹವನ್ನು ಓದಬಲ್ಲವನೆಂಬ ಒಂದೇ ಕಾರಣದಿಂದ ನೆರೆಕರೆಯವರು ದಸ್ತಾವೇಜುಗಳನ್ನು ಹಿಡಿದುಕೊಂಡು ನನ್ನ ಜಗಲಿಗೆ ಬರುವುದು ರೂಢಿಯಾಗಿದೆ. ಹೀಗೆ ಓದುತ್ತ ಓದುತ್ತ, ಓದಿದ್ದನ್ನು ವಕೀಲರಲ್ಲಿ ವಿಚಾರಿಸುತ್ತ, ಕೆಲವು ಸಂಗತಿಗಳು ನನಗೂ ಮನದಟ್ಟಾದವು. ಅವುಗಳಲ್ಲಿ ಬಹುಪಾಲನ್ನು ಕಲಿಸಿದ್ದು ನನ್ನ ತಂಗಿಯ ಮಗಳು ಕೊಂಡ ಹನ್ನೆರಡು ಸೆಂಟು ಹಿತ್ತಿಲು.

2018ರ ಮಾತು. ಅವಳ ಗಂಡ ಕೊಲ್ಲಿಯ ದೇಶವೊಂದರಲ್ಲಿ ದುಡಿಯುತ್ತಿದ್ದ. ಎರಡು ಮಕ್ಕಳೊಡನೆ ಬಾಡಿಗೆ ಮನೆಯಲ್ಲಿದ್ದ ಅವಳಿಗೆ ಕುಂಬಳೆಯ ಸಮೀಪ ಬಾವಿ ಸಹಿತವಾದ ಒಂದು ಹೆಂಚಿನ ಮನೆ ಒದಗಿಬಂತು. ಮದುವೆಯಲ್ಲಿ ಕೊಟ್ಟ ಚಿನ್ನವನ್ನು ಮಾರಿ, ಉಳಿದದ್ದಕ್ಕೆ ಬ್ಯಾಂಕಿನ ಸಾಲ ಎತ್ತಿ ಕೊಳ್ಳುವುದೆಂಬ ನಿಶ್ಚಯ. ದಲ್ಲಾಳಿಯು 'ಇನ್ನೊಬ್ಬರು ನಾಳೆಯೇ ಮುಂಗಡ ಕೊಡಲಿದ್ದಾರೆ' ಎಂದನು. ಈ ಇನ್ನೊಬ್ಬರನ್ನು ನಾನು ನನ್ನ ಆಯುಷ್ಯದಲ್ಲಿ ಒಮ್ಮೆಯೂ ಕಣ್ಣಾರೆ ಕಂಡಿಲ್ಲ. ಆದರೆ ಅವರು ಪ್ರತಿಯೊಂದು ವ್ಯಾಪಾರದಲ್ಲಿಯೂ ಇರುತ್ತಾರೆ.

ಮುಂಗಡ ಕೊಟ್ಟು ಕರಾರು ಬರೆಯಿಸಿಕೊಂಡರೆ ಮನೆ ತಮ್ಮದಾಯಿತೆಂದು ನಮ್ಮಲ್ಲಿ ಅನೇಕರು ಭಾವಿಸುತ್ತಾರೆ. 1882ರ ಸ್ವತ್ತು ವರ್ಗಾವಣೆ ಕಾಯಿದೆಯ 54ನೆಯ ಕಲಮು ಇದನ್ನು ಸ್ಪಷ್ಟವಾಗಿ ನಿರಾಕರಿಸುತ್ತದೆ: ಕ್ರಯದ ಕರಾರು ತನ್ನಷ್ಟಕ್ಕೆ ಆಸ್ತಿಯಲ್ಲಿ ಯಾವ ಹಕ್ಕನ್ನೂ ಹುಟ್ಟಿಸದು. ಕರಾರಿನಿಂದ ಸಿಗುವುದು, ಮಾರುವವನು ಮಾತಿಗೆ ತಪ್ಪಿದರೆ ನ್ಯಾಯಾಲಯಕ್ಕೆ ಹೋಗುವ ಅಧಿಕಾರ ಮಾತ್ರ. ಅದಕ್ಕೂ ಗೊತ್ತುಪಡಿಸಿದ ದಿನಾಂಕದಿಂದ, ದಿನಾಂಕವಿಲ್ಲದಿದ್ದರೆ ಆತನ ನಿರಾಕರಣೆ ತಿಳಿದಂದಿನಿಂದ, 3 ವರ್ಷಗಳ ಅವಧಿಯುಂಟು. ಆದುದರಿಂದ ಕರಾರಿನಲ್ಲಿ ಬೆಲೆ, ವಾಯಿದೆಗಳ ಜೊತೆಗೆ 'ಹಕ್ಕಿನಲ್ಲಿ ದೋಷ ಕಂಡುಬಂದರೆ ಮುಂಗಡವನ್ನು ಹಿಂದಿರುಗಿಸತಕ್ಕದ್ದು' ಎಂಬ ಒಂದು ಸಾಲನ್ನು ಸೇರಿಸಬೇಕೆಂದು ನಾವು ಹಟ ಹಿಡಿದೆವು. ದಲ್ಲಾಳಿಗೆ ಅದು ರುಚಿಸಲಿಲ್ಲ. ಮನೆಯ ಒಡತಿಯಾದ ವೃದ್ಧೆಯು ಮಾತ್ರ 'ನನ್ನಲ್ಲಿ ಏನು ಉಂಟೋ ಅದನ್ನು ತಾನೇ ನಾನು ಕೊಡುವುದು, ಬರೆಯಿರಿ' ಎಂದಳು.

ಕಾಗದಗಳ ಕಟ್ಟನ್ನು ಬಿಚ್ಚಿದಾಗ ತಳದಲ್ಲಿ ಸಿಕ್ಕಿದ್ದು 1938ರ ಒಂದು ಮೂಲಗೇಣಿ ಚೀಟು. ಅಚ್ಚುಕಟ್ಟಾದ ಕನ್ನಡ, ಅಂಚು ಹುಳುಹಿಡಿದಿತ್ತು. ಅದರೊಡನೆ ಫಸಲಿ ವರ್ಷಗಳನ್ನು ನಮೂದಿಸಿದ ಕೆಲವು ಗೇಣಿ ರಸೀದಿಗಳು. ಫಸಲಿಗೆ 590 ಕೂಡಿಸಿದರೆ ಆ ವರ್ಷದ ಜುಲೈ ತಿಂಗಳು ಯಾವ ಇಸವಿಯದೆಂದು ದೊರೆಯುತ್ತದೆ. ಫಸಲಿ 1350 ಎಂದರೆ 1940ರ ಜುಲೈಯಿಂದ 1941ರ ಜೂನ್ ವರೆಗೆ. ಮದರಾಸು ಆಡಳಿತದ ಈ ಲೆಕ್ಕ ತಿಳಿಯದ ಎಳೆಯ ಗುಮಾಸ್ತರು ರಸೀದಿಗಳನ್ನು ಕಂಡು ತಬ್ಬಿಬ್ಬಾಗುವುದುಂಟು. ಚೀಟಿನ ಮೇಲೆ ಭೂ ನ್ಯಾಯಮಂಡಳಿಯು 1977ರಲ್ಲಿ ಕೊಟ್ಟ ಕ್ರಯ ಸರ್ಟಿಫಿಕೇಟು. ಅದರ ಮೇಲೆ 1981ರ ಕ್ರಯಪತ್ರ.

ನಮ್ಮ ಕಡೆಯ ಹಕ್ಕುಗಳ ಸರಪಳಿಯಲ್ಲಿ ನಡುವಣ ಈ ಕೊಂಡಿಯೇ ಅತಿ ಮುಖ್ಯವಾದುದು. 1963ರ ಕೇರಳ ಭೂಸುಧಾರಣಾ ಕಾಯಿದೆಯ ಪ್ರಕಾರ, ಗೇಣಿದಾರರ ಸ್ವಾಧೀನದಲ್ಲಿದ್ದ ಭೂಮಿಯ ಮೇಲಣ ಧನಿಗಳ ಹಕ್ಕು 1970ರ ಜನವರಿ 1ರಂದು ಸರಕಾರಕ್ಕೆ ಸೇರಿತು. ಗೇಣಿದಾರನು ನ್ಯಾಯಮಂಡಳಿಗೆ ಅರ್ಜಿ ಹಾಕಿ ಅದನ್ನು ತನ್ನದಾಗಿಸಿಕೊಳ್ಳಬಹುದಾಯಿತು. ಆ ಸರ್ಟಿಫಿಕೇಟಿಗೆ ಕಾನೂನು ನಿರ್ಣಾಯಕ ಸಾಕ್ಷ್ಯದ ಬೆಲೆಯನ್ನು ಕೊಟ್ಟಿದೆ. ಎಷ್ಟೋ ಮನೆಗಳಲ್ಲಿ ಹಳೆಯ ಗೇಣಿಚೀಟು ಉಂಟು, ಈಚಿನ ಕರದ ರಸೀದಿ ಉಂಟು, ನಡುವೆ ಈ ಸರ್ಟಿಫಿಕೇಟು ಮಾತ್ರ ಇಲ್ಲ. ಅಂಥ ಮನೆಯನ್ನು ಕೊಳ್ಳುವವರು ಅಲ್ಲಿಯೇ ನಿಂತು ವಿಚಾರಿಸಬೇಕು. ಇನ್ನೊಂದು ಗೊಂದಲ: ಜನರು ಈ ಸರ್ಟಿಫಿಕೇಟನ್ನೂ, ಸರಕಾರವು ಭೂಹೀನರಿಗೆ ಪತಿಸಿ ಕೊಟ್ಟ ಜಾಗದ ಪತ್ರವನ್ನೂ 'ಪಟ್ಟೆ' ಎಂದೇ ಕರೆಯುತ್ತಾರೆ. ಎರಡನೆಯದರಲ್ಲಿ ಇಂತಿಷ್ಟು ವರ್ಷ ಪರಭಾರೆ ಮಾಡಬಾರದೆಂಬ ನಿಬಂಧನೆ ಇರಬಹುದು. ಅದನ್ನು ಓದದೆ ಹಣ ಕೊಡಲಾಗದು.

1981ರ ಪತ್ರದಲ್ಲಿ ಮಾರಿದವರ ಕುಟುಂಬವು ಅಳಿಯಸಂತಾನದ್ದು. ನಾನು ಮೊದಲು ಎಣಿಸಿದ್ದು ಸಹಿಗಳನ್ನು. ಕೇರಳದಲ್ಲಿ 1976ರ ದಶಂಬರ 1ರಿಂದ ಹಿಂದೂ ಅವಿಭಕ್ತ ಕುಟುಂಬ ಪದ್ಧತಿಯೇ ರದ್ದಾಗಿ, ಕವರಿನ ಸದಸ್ಯರೆಲ್ಲರೂ ತಂತಮ್ಮ ಪಾಲಿನ ಒಡೆಯರಾದರು. ಆ ದಿನದ ಬಳಿಕ ಯಜಮಾನನೊಬ್ಬನೇ ಸಹಿ ಹಾಕಿ ಮಾರಿದ ಪತ್ರವಾಗಿದ್ದರೆ ಉಳಿದವರ ಪಾಲು ಅವರಲ್ಲಿಯೇ ಉಳಿಯುತ್ತಿತ್ತು. ಇಲ್ಲಿ ಒಂಬತ್ತು ಸಹಿಗಳೂ ಎರಡು ಹೆಬ್ಬೆಟ್ಟುಗಳೂ ಇದ್ದವು. ವಂಶಾವಳಿಯೊಡನೆ ತಾಳೆ ಬಿದ್ದಿತು.

ಚೀಟಿನಲ್ಲಿ ಕುಮ್ಕಿಯ ಪ್ರಸ್ತಾಪವಿತ್ತು. ಹಿತ್ತಿಲಿನ ಹಿಂದೆ ಬೇಲಿ ಹಾಕಿದ ಸುಮಾರು ಎಂಟು ಸೆಂಟು ಗುಡ್ಡೆಯನ್ನು ತೋರಿಸಿ ದಲ್ಲಾಳಿಯು 'ಇದೂ ಸೇರಿ ಇಪ್ಪತ್ತು ಸೆಂಟು' ಎಂದು ಲೆಕ್ಕ ಹೇಳಿದ್ದನು. ಕುಮ್ಕಿಯೆಂಬುದು ಹಳೆಯ ಕನ್ನಡ ಜಿಲ್ಲೆಯ ಒಂದು ವಿಶಿಷ್ಟ ಸವಲತ್ತು: ವರ್ಗದಾರನು ತನ್ನ ಕೃಷಿಭೂಮಿಗೆ ತಾಗಿದ, 100 ಗಜದೊಳಗಿನ ಸರಕಾರಿ ಜಾಗದಿಂದ ಸೊಪ್ಪು, ಸೌದೆ, ಮೇವುಗಳನ್ನು ಪಡೆಯಬಹುದು. ಜಾಗ ಸರಕಾರದ್ದು, ಸೊಪ್ಪು ನಮ್ಮದು. ಸೊಪ್ಪಿನ ಅಧಿಕಾರವು ಮೂರು ತಲೆಮಾರು ದಾಟಿದ ಮೇಲೆ ಮಣ್ಣಿನ ಅಧಿಕಾರದಂತೆ ಕಾಣತೊಡಗುವುದು ಸಹಜವೇ; ಆದರೆ ಅದಕ್ಕೆ ಕ್ರಯ ಕಟ್ಟಲಾಗದು, ಬ್ಯಾಂಕು ಅದರ ಮೇಲೆ ಸಾಲವನ್ನೂ ಕೊಡದು. ಆ ಎಂಟು ಸೆಂಟಿಗೆ ಒಂದು ರೂಪಾಯಿಯನ್ನೂ ಕೊಡದೆ ಹನ್ನೆರಡಕ್ಕೇ ಬೆಲೆ ಗೊತ್ತುಮಾಡಿದೆವು.

ಇನ್ನು ಅಳತೆ. ಹಳೆಯ ಪತ್ರದ ಸರ್ವೆ ನಂಬ್ರಕ್ಕೂ ಕರದ ರಸೀದಿಯ ರೀಸರ್ವೆ ನಂಬ್ರಕ್ಕೂ ತಾಳೆಯಾಗದಿದ್ದರೆ ಗಾಬರಿಗೊಳ್ಳಬೇಕಾದುದಿಲ್ಲ. ಎರಡರ ಸಂಬಂಧವನ್ನು ಗ್ರಾಮ ಕಚೇರಿಯ ದಾಖಲೆಯಿಂದ ತಿಳಿಯಬಹುದು. ಚಕ್ಕುಬಂದಿಯನ್ನು ಮಾತ್ರ ಸ್ಥಳದಲ್ಲಿ ನಿಂತು ಓದಬೇಕು. 2022ರ ನವಂಬರದಲ್ಲಿ ಕೇರಳದಲ್ಲಿ ಡಿಜಿಟಲ್ ಮರು ಅಳತೆ ಆರಂಭವಾಯಿತು. ಅಳತೆಯವರು ಬಂದ ದಿನ ಮನೆಯಲ್ಲಿರುವುದು ಮತ್ತು ನಕಾಶೆ ಪ್ರಕಟವಾದಾಗ ಅದನ್ನು ನೋಡುವುದು ಹಿತ್ತಿಲಿಗೆ ಬೇಲಿ ಹಾಕುವಷ್ಟೇ ಅಗತ್ಯ.

ಎಲ್ಲಕ್ಕಿಂತ ಹೆಚ್ಚು ಕಾಲ ನಮ್ಮನ್ನು ತಡೆದದ್ದು ಒಂದು ಸೆಂಟು ಜಾಗ. ಅದನ್ನು ಸ್ವಲ್ಪ ವಿವರವಾಗಿಯೇ ಹೇಳುತ್ತೇನೆ. 1981ರಲ್ಲಿ ಮನೆಯನ್ನು ಕೊಂಡಿದ್ದ ಗೃಹಸ್ಥನು 2009ರಲ್ಲಿ ಉಯಿಲು ಬರೆಯದೆ ತೀರಿಕೊಂಡಿದ್ದನು. ಸ್ವಯಾರ್ಜಿತ ಆಸ್ತಿ; ಹಿಂದೂ ಉತ್ತರಾಧಿಕಾರ ಕಾಯಿದೆಯಂತೆ ಹೆಂಡತಿ, ಇಬ್ಬರು ಗಂಡುಮಕ್ಕಳು, ಒಬ್ಬಳು ಮಗಳು, ಹೀಗೆ ನಾಲ್ವರಿಗೆ ತಲಾ ಮೂರು ಸೆಂಟು. ಮಗಳು 2016ರಲ್ಲಿ ತೀರಿಹೋದಳು. ಅವಳ ಮೂರು ಸೆಂಟು ಅವಳ ಗಂಡನಿಗೂ ಇಬ್ಬರು ಮಕ್ಕಳಿಗೂ ಒಂದೊಂದರಂತೆ ಹೋಯಿತು. ಹಿರಿಯವಳಿಗೆ ಇಪ್ಪತ್ತು ತುಂಬಿತ್ತು, ಕಿರಿಯವನಿಗೆ ಹದಿನೈದು. 'ತಂದೆ ಸಹಿ ಹಾಕಿದರೆ ಸಾಕಲ್ಲವೇ?' ಎಂದು ಎಲ್ಲರೂ ಕೇಳಿದರು. ಸಾಲದು. 1956ರ ಹಿಂದೂ ಅಪ್ರಾಪ್ತವಯಸ್ಕತೆ ಮತ್ತು ಪಾಲನೆ ಕಾಯಿದೆಯ 8ನೆಯ ಕಲಮಿನಂತೆ, ಸಹಜ ಪಾಲಕನೂ ನ್ಯಾಯಾಲಯದ ಪೂರ್ವಾನುಮತಿಯಿಲ್ಲದೆ ಮಗುವಿನ ಸ್ಥಿರಾಸ್ತಿಯನ್ನು ಮಾರುವಂತಿಲ್ಲ. ಮಾರಿದರೆ, ಮಗುವು ಪ್ರಾಯಕ್ಕೆ ಬಂದ ಬಳಿಕ 3 ವರ್ಷಗಳೊಳಗೆ ಆ ಮಾರಾಟವನ್ನು ರದ್ದುಪಡಿಸುವಂತೆ ಕೇಳಬಹುದು.

ಹುಡುಗನು ಮುಂದೆ ದಾವೆ ಹೂಡುವನೆಂದು ಯಾರೂ ನಂಬಲಿಲ್ಲ. ನಾನೂ ನಂಬಲಿಲ್ಲ. ಆದರೆ ತಾಯಿಯನ್ನು ಕಳೆದುಕೊಂಡ ಹುಡುಗನಿಗೆ ತಾಯಿಯಿಂದ ಬಂದದ್ದು ಆ ಒಂದು ಸೆಂಟು ಮಾತ್ರ. ಅದರ ಬೆಲೆ ಅವನ ಹೆಸರಿನಲ್ಲಿ ನಿಲ್ಲಬೇಕೆಂಬುದು ಕಾನೂನಿನ ತೊಡಕಲ್ಲ, ನ್ಯಾಯ. ಜಿಲ್ಲಾ ನ್ಯಾಯಾಲಯಕ್ಕೆ ಅರ್ಜಿ ಹೋಯಿತು. ಅನುಮತಿ ಬರಲು ಐದು ತಿಂಗಳು ಹಿಡಿಯಿತು. ಅಷ್ಟು ಕಾಲ ನನ್ನ ಸೊಸೆ ಬಾಡಿಗೆ ತೆತ್ತಳು, ದಲ್ಲಾಳಿ ಮುಖ ತಿರುಗಿಸಿದನು. ಹುಡುಗನ ಪಾಲಿನ ಹಣವು ಅವನಿಗೆ ಹದಿನೆಂಟು ತುಂಬುವ ವರೆಗೆ ಬ್ಯಾಂಕಿನಲ್ಲಿರಬೇಕೆಂದು ಆದೇಶವಾಯಿತು. ಅವನು ಅದರಿಂದಲೇ ತಾಂತ್ರಿಕ ಶಿಕ್ಷಣದ ಮೊದಲ ವರ್ಷದ ಶುಲ್ಕವನ್ನು ಕಟ್ಟಿದನೆಂದು ಆಮೇಲೆ ತಿಳಿಯಿತು.

ಗಂಡುಮಕ್ಕಳಲ್ಲಿ ಒಬ್ಬನು ಕೊಲ್ಲಿಯಲ್ಲಿದ್ದನು. ಅವನ ಪರವಾಗಿ ಮುಖ್ತ್ಯಾರುನಾಮೆ. ನಮ್ಮ ಜಿಲ್ಲೆಯಲ್ಲಿ ಇದಿಲ್ಲದ ಕ್ರಯಪತ್ರವೇ ಅಪರೂಪ. ಹೊರದೇಶದಲ್ಲಿ ಬರೆದ ಮುಖ್ತ್ಯಾರುನಾಮೆಯನ್ನು ಅಲ್ಲಿಯ ಭಾರತೀಯ ರಾಯಭಾರ ಕಚೇರಿಯಲ್ಲಿ ದೃಢೀಕರಿಸಿ, ಇಲ್ಲಿಗೆ ತಲಪಿದ 3 ತಿಂಗಳೊಳಗೆ ಮುದ್ರಾಂಕ ಶುಲ್ಕ ತೆರಬೇಕು. ಬರೆದುಕೊಟ್ಟವನು ಕಾಲವಾದರೆ ಅದರ ಬಲವೂ ಸಾಮಾನ್ಯವಾಗಿ ಅಲ್ಲಿಗೆ ಮುಗಿಯಿತು. ಆದುದರಿಂದ ನೋಂದಣಿಯ ಹಿಂದಿನ ದಿನ ಅವನೊಡನೆ ಫೋನಿನಲ್ಲಿ ಮಾತಾಡಿದೆವು. ಮುಖ್ತ್ಯಾರುನಾಮೆಯನ್ನೇ ಕ್ರಯವೆಂದು ತಿಳಿದು ಹಣ ಕೊಡುವವರೂ ಇದ್ದಾರೆ. ಅಂಥ ಕಾಗದದಿಂದ ಆಸ್ತಿಯ ಹಕ್ಕು ವರ್ಗವಾಗದೆಂದು ಸುಪ್ರೀಂ ಕೋರ್ಟು 2011ರಲ್ಲಿ ಸಂದೇಹಕ್ಕೆಡೆಯಿಲ್ಲದೆ ಹೇಳಿತು.

ಋಣಭಾರ ಪ್ರಮಾಣಪತ್ರವನ್ನು ತೆಗೆದು ನೋಡಿದ್ದೇವೆ, ಏನೂ ಬಾಕಿಯಿಲ್ಲ ಎಂಬ ಧೈರ್ಯವು ಅರೆ ಧೈರ್ಯ. ಅದರಲ್ಲಿ ಕಾಣುವುದು ನೋಂದಣಿ ಕಚೇರಿಯ ಪುಸ್ತಕಗಳಿಗೆ ಏರಿದ ವ್ಯವಹಾರಗಳು ಮಾತ್ರ. ಅದೂ ನಾವು ಕೊಟ್ಟ ಸರ್ವೆ ನಂಬ್ರಕ್ಕೆ, ನಾವು ಕೇಳಿದ ವರ್ಷಗಳಿಗೆ. ನೋಂದಾಯಿಸದ ಉಯಿಲು ಅದರಲ್ಲಿ ಕಾಣದು. ನ್ಯಾಯಾಲಯದಲ್ಲಿ ನಡೆಯುತ್ತಿರುವ ದಾವೆಯೂ ಕಾಣದಿರಬಹುದು. ಆದರೆ ದಾವೆ ನಡೆಯುತ್ತಿರುವಾಗ ಕೊಂಡವನು ಅದರ ತೀರ್ಪಿಗೆ ತಲೆಬಾಗಲೇಬೇಕು. ಮೂಲಪತ್ರಗಳನ್ನು ಬ್ಯಾಂಕಿನಲ್ಲಿ ಒಪ್ಪಿಸಿ ಮಾಡಿದ ಅಡಮಾನವು ಬರವಣಿಗೆಯೇ ಇಲ್ಲದೆಯೂ ಸಿಂಧುವಾಗಬಲ್ಲುದು. ಇಂಥವುಗಳ ಶೋಧನೆಗಾಗಿಯೇ 2011ರಲ್ಲಿ ಕೇಂದ್ರ ಸರಕಾರವು ಸೆರ್ಸಾಯಿ ಎಂಬ ದಾಖಲೆ ಕೇಂದ್ರವನ್ನು ತೆರೆಯಿತು. ಚಿಕ್ಕ ಶುಲ್ಕ ತೆತ್ತು ಯಾರೂ ಅದರಲ್ಲಿ ಹುಡುಕಬಹುದು. ಹಾಗಿದ್ದರೂ ನಕಲನ್ನು ತೋರಿಸಿ 'ಅಸಲು ಪೆಟ್ಟಿಗೆಯಲ್ಲಿದೆ' ಎನ್ನುವವರ ಪೆಟ್ಟಿಗೆಯನ್ನು ತೆರೆಯಿಸಿ ನೋಡದೆ ಏಳಬಾರದು. ಸಹಕಾರ ಸಂಘದ ಸಾಲವಾಗಿದ್ದರೆ ಗಹಾನಿನ ಬಿಡುಗಡೆಯೂ ನೋಂದಣಿ ಕಚೇರಿಗೆ ತಲಪಿರಬೇಕು.

ಗದ್ದೆಯನ್ನು ಮನೆ ಕಟ್ಟಲೆಂದು ಕೊಳ್ಳುವವರಿಗೆ ಒಂದು ಮಾತು. ಕರದ ರಸೀದಿಯಲ್ಲಿ 'ನಿಲಂ' ಎಂದಿದ್ದರೆ ಅದು ಗದ್ದೆ, 'ಪುರಯಿಡಂ' ಎಂದಿದ್ದರೆ ಹಿತ್ತಿಲು. 2008ರ ಗದ್ದೆ ಹಾಗೂ ಜೌಗುಭೂಮಿ ಸಂರಕ್ಷಣಾ ಕಾಯಿದೆಯ ಬಳಿಕ ಗದ್ದೆಗೆ ಮಣ್ಣು ತುಂಬಿ ಮನೆಯೆಬ್ಬಿಸುವುದು ಅನುಮತಿಯಿಲ್ಲದೆ ಸಾಧ್ಯವಿಲ್ಲ. ಈ ಎರಡು ಮಲಯಾಳ ಪದಗಳನ್ನಾದರೂ ನಮ್ಮವರು ಓದಲು ಕಲಿಯುವುದು ಲೇಸು. ಖರ್ಚಿನ ಮಟ್ಟಿಗೆ, ಕ್ರಯದ ಹಣ ಅಥವಾ ಸರಕಾರ ಗೊತ್ತುಪಡಿಸಿದ ನ್ಯಾಯಬೆಲೆ, ಇವೆರಡರಲ್ಲಿ ಯಾವುದು ಹೆಚ್ಚೋ ಅದರ ಮೇಲೆ ನೂರಕ್ಕೆ 8 ಮುದ್ರಾಂಕ ಶುಲ್ಕ, 2 ನೋಂದಣಿ ಶುಲ್ಕ. ನೋಂದಣಿಯಾದ ಮೇಲೆ ಗ್ರಾಮ ಕಚೇರಿಯಲ್ಲಿ ಹೆಸರು ಬದಲಾಯಿಸಿಕೊಳ್ಳಬೇಕು. ಆದರೆ ಆ ಹೆಸರು ಕರ ವಸೂಲಿಗಾಗಿ ಇರುವುದೇ ಹೊರತು ಒಡೆತನದ ಪುರಾವೆಯಲ್ಲ.

ಭಾಷೆಯ ವಿಷಯ ಇಲ್ಲಿ ಬರಬೇಕು. ಕನ್ನಡದಲ್ಲಿ ಬರೆದ ಪತ್ರವನ್ನು ನೋಂದಾಯಿಸಬಹುದೇ ಎಂದು ನನ್ನನ್ನು ಕೇಳುವವರು ಬಹಳ. 1908ರ ನೋಂದಣಿ ಕಾಯಿದೆಯ 19ನೆಯ ಕಲಮಿನಲ್ಲಿ ಉತ್ತರವಿದೆ: ಅಧಿಕಾರಿಗೆ ತಿಳಿಯದ, ಜಿಲ್ಲೆಯಲ್ಲಿ ಸಾಮಾನ್ಯ ಬಳಕೆಯಲ್ಲಿಯೂ ಇಲ್ಲದ ಭಾಷೆಯಾಗಿದ್ದರೆ ಮಾತ್ರ ಭಾಷಾಂತರವನ್ನೂ ನಕಲನ್ನೂ ಲಗತ್ತಿಸಬೇಕು. ಕಾಸರಗೋಡು ಜಿಲ್ಲೆಯಲ್ಲಿ ಕನ್ನಡವು ಸಾಮಾನ್ಯ ಬಳಕೆಯ ಭಾಷೆಯಲ್ಲವೆಂದು ಯಾರು ಹೇಳಬಲ್ಲರು? ನನ್ನ ಸೊಸೆಯ ಪತ್ರ ಮಾತ್ರ ಮಲಯಾಳದಲ್ಲಿಯೇ ಆಯಿತು. ಬರಹಗಾರರು ಸಿಗಲಿಲ್ಲ, ಬ್ಯಾಂಕಿನವರೂ ಅದನ್ನೇ ಬಯಸಿದರು. ಸಹಿ ಹಾಕುವ ಮುನ್ನ ಪ್ರತಿಯೊಂದು ವಾಕ್ಯವನ್ನೂ ಅವಳಿಗೆ ಕನ್ನಡದಲ್ಲಿ ಹೇಳಿಸಿದೆ. ಅರ್ಧ ಗಂಟೆ ಹಿಡಿಯಿತು, ಸಾಲಿನಲ್ಲಿದ್ದವರು ಗೊಣಗಿದರು. ಗೊಣಗಲಿ.

ಹೀಗೆ 2019ರಲ್ಲಿ ಮನೆ ಅವಳದಾಯಿತು, ಕಾಗದಗಳು ಬ್ಯಾಂಕಿನವಾದವು. ನಮ್ಮ ಹಿರಿಯರ ಕಾಲದಲ್ಲಿ ಅಡವೆಂದರೆ ಬಹುಶಃ ಭೋಗ್ಯ. ಸಾಲ ಕೊಟ್ಟವನು ಹಿತ್ತಿಲಿನ ತೆಂಗಿನಕಾಯಿ ಕೀಳುತ್ತಿದ್ದನು, ಸಾಲ ತೀರಿಸಿದಂದು ಬಿಟ್ಟು ಹೋಗುತ್ತಿದ್ದನು. ಈಗ ಬ್ಯಾಂಕು ಕಾಯಿ ಕೀಳುವುದಿಲ್ಲ. ಆದರೆ ಕಂತು ತಪ್ಪಿ ಸಾಲವು ನಿಷ್ಕ್ರಿಯವೆಂದು ವರ್ಗೀಕೃತವಾದರೆ, 2002ರ ಸರ್ಫೇಸಿ ಕಾಯಿದೆಯಂತೆ 60 ದಿನಗಳ ನೋಟೀಸು ಕೊಟ್ಟು, ಮೊದಲಾಗಿ ದಾವೆ ಹೂಡದೆಯೇ ಮನೆಯನ್ನು ವಶಪಡಿಸಿಕೊಳ್ಳಬಹುದು. ವಶಪಡಿಸಿಕೊಳ್ಳುವ ಕ್ರಮದ ವಿರುದ್ಧ ಸಾಲಗಾರನು 45 ದಿನಗಳೊಳಗೆ ಸಾಲ ವಸೂಲಾತಿ ನ್ಯಾಯಮಂಡಳಿಗೆ ಹೋಗಬಹುದು. ಪೂರ್ತಿ ಬಾಕಿಯನ್ನು ಕಟ್ಟಿ ಮನೆಯನ್ನು ಬಿಡಿಸಿಕೊಳ್ಳುವ ಹಕ್ಕು ಹರಾಜಿನ ಪ್ರಕಟಣೆ ಹೊರಡುವ ತನಕ. ನೋಟೀಸನ್ನು ಪಡೆಯದೆ ಅಂಚೆಯವನನ್ನು ಹಿಂದಕ್ಕೆ ಕಳುಹಿಸುವುದರಿಂದ ದಿನಗಳು ನಿಲ್ಲುವುದಿಲ್ಲ.

ಈ ಭಯ ನಮ್ಮ ಮನೆಯ ಬಾಗಿಲಿಗೂ ಬಂತು. 2022ರ ಮೇ ತಿಂಗಳಿನಿಂದ 2023ರ ಫೆಬ್ರವರಿಯೊಳಗೆ ರಿಸರ್ವ್ ಬ್ಯಾಂಕು ತನ್ನ ರೆಪೋ ದರವನ್ನು 4ರಿಂದ 6.5ಕ್ಕೆ ಏರಿಸಿತು. ಸೊಸೆಯ ಸಾಲದ ಬಡ್ಡಿಯೂ ಏರಿತು. ಕಂತು ಮೊದಲಿನಷ್ಟೇ ಇತ್ತು. ಆದುದರಿಂದ ಅವಳಿಗೆ ತಿಳಿಯಲಿಲ್ಲ. ಬೆಳೆದದ್ದು ತಿಂಗಳುಗಳ ಸಂಖ್ಯೆ. ಅಷ್ಟರಲ್ಲಿ ಗಂಡನು ಕೆಲಸ ಬಿಟ್ಟು ಊರಿಗೆ ಮರಳಿದ್ದನು. ಮಂಗಳೂರಿನಲ್ಲಿ ಸಿಕ್ಕಿದ ಸಂಬಳ ಹಿಂದಿನದರ ಅರ್ಧ. ಕಡಮೆ ಬಡ್ಡಿಯ ಇನ್ನೊಂದು ಬ್ಯಾಂಕಿಗೆ ಸಾಲವನ್ನು ವರ್ಗಾಯಿಸುವ ಯೋಚನೆ ಹೀಗೆ ಹುಟ್ಟಿತು.

ಇದರಲ್ಲಿ ಲಾಭವಿದೆಯೋ ಎಂಬುದಕ್ಕೆ ಲೆಕ್ಕವೇ ಉತ್ತರ. ಇಪ್ಪತ್ತು ಲಕ್ಷ ಬಾಕಿ, ಹದಿನೈದು ವರ್ಷದ ಅವಧಿ ಎಂದಿಟ್ಟುಕೊಂಡರೆ, ನೂರಕ್ಕೆ 9.25ರಂತೆ ತಿಂಗಳ ಕಂತು ಸುಮಾರು 20,584 ರೂಪಾಯಿ, 8.5ರಂತೆ 19,695. ಉಳಿತಾಯ ತಿಂಗಳಿಗೆ 890ರ ಹತ್ತಿರ, ಒಟ್ಟಿಗೆ ಒಂದೂವರೆ ಲಕ್ಷಕ್ಕೆ ಮಿಗಿಲು. ಆದರೆ ಹೊಸ ಬ್ಯಾಂಕು ಪರಿಶೀಲನಾ ಶುಲ್ಕ, ವಕೀಲರ ಅಭಿಪ್ರಾಯ, ಮೌಲ್ಯಮಾಪನ, ಪತ್ರ ಒಪ್ಪಿಸಿದ ದಾಖಲೆಯ ಮುದ್ರಾಂಕ ಎಂದು ಎಲ್ಲವನ್ನೂ ಮತ್ತೆ ವಸೂಲು ಮಾಡುತ್ತದೆ. ಸಾಲ ತೀರಲು ಮೂರೋ ನಾಲ್ಕೋ ವರ್ಷ ಉಳಿದವರಿಗೆ ಈ ಓಡಾಟ ಬೇಡ. ಹಳೆಯ ಬ್ಯಾಂಕು ದಂಡ ಕೇಳುವುದೆಂಬ ಅಂಜಿಕೆಯೂ ಬೇಡ. ಬದಲಾಗುವ ಬಡ್ಡಿಯ ಗೃಹಸಾಲವನ್ನು ವ್ಯಕ್ತಿಗಳು ಅವಧಿಗೆ ಮುನ್ನ ತೀರಿಸಿದರೆ ಬ್ಯಾಂಕುಗಳು ದಂಡ ಹಾಕಬಾರದೆಂದು ರಿಸರ್ವ್ ಬ್ಯಾಂಕು 2012ರಲ್ಲಿಯೇ ವಿಧಿಸಿದೆ. ಹೊರಡುವ ಮುನ್ನ ಹಳೆಯ ಬ್ಯಾಂಕಿನಲ್ಲಿಯೇ ಬಡ್ಡಿ ಇಳಿಸುವಂತೆ ಕೇಳಿ ನೋಡುವುದು ಉಚಿತ. ಇವಳು ಕೇಳಿದಳು, ಅವರು ಒಪ್ಪಲಿಲ್ಲ.

2024ರಲ್ಲಿ ಹೊಸ ಬ್ಯಾಂಕು ಹಳೆಯ ಸಾಲವನ್ನು ತೀರಿಸಿತು. ಹಳೆಯದು ಕೊಟ್ಟ ಕಾಗದಗಳ ಕಟ್ಟಿನಲ್ಲಿ 1938ರ ಚೀಟು ಇರಲಿಲ್ಲ. 'ಅದು ಬರಿಯ ಹಳೆಯ ಕನ್ನಡ ಕಾಗದ, ಪಟ್ಟೆ ಉಂಟಲ್ಲ' ಎಂದು ಅಲ್ಲಿಯ ಒಬ್ಬರು ಸಮಾಧಾನ ಹೇಳಿದರಂತೆ. ಹೊಸ ಬ್ಯಾಂಕಿನ ವಕೀಲರು ಮಾತ್ರ ಸರಪಳಿಯ ಮೊದಲ ಕೊಂಡಿ ಬೇಕೆಂದರು. 2019ರಲ್ಲಿ ಕಾಗದ ಒಪ್ಪಿಸುವಾಗ ಪ್ರತಿಯೊಂದರ ದಿನಾಂಕ, ನಂಬ್ರ, ಹಾಳೆಗಳ ಸಂಖ್ಯೆ ಬರೆದು ಬ್ಯಾಂಕಿನ ಮುದ್ರೆ ಹಾಕಿಸಿಕೊಂಡ ಪಟ್ಟಿ ನಮ್ಮಲ್ಲಿತ್ತು. ಅದರ ನಕಲನ್ನು ಲಗತ್ತಿಸಿ ಸೊಸೆಯು ಬರೆದ ಪತ್ರದಲ್ಲಿ ರಿಸರ್ವ್ ಬ್ಯಾಂಕಿನ 2023ರ ಸೆಪ್ಟೆಂಬರ 13ರ ಆದೇಶವನ್ನು ಉಲ್ಲೇಖಿಸಿದಳು. ಆ ವರ್ಷದ ದಶಂಬರ 1ರಿಂದ ಜಾರಿಯಾದ ಈ ಆದೇಶದಂತೆ, ಸಾಲ ಪೂರ್ತಿ ತೀರಿದ 30 ದಿನಗಳೊಳಗೆ ಮೂಲಪತ್ರಗಳನ್ನು ಮರಳಿಸಬೇಕು. ಬ್ಯಾಂಕಿನ ಕಾರಣದಿಂದ ತಡವಾದರೆ ದಿನಕ್ಕೆ 5,000 ರೂಪಾಯಿ ಪರಿಹಾರ. ಕಾಗದ ಕಳೆದುಹೋಗಿದ್ದರೆ ದೃಢೀಕೃತ ನಕಲು ದೊರಕಿಸಲು ನೆರವಾಗಿ ಅದರ ಖರ್ಚನ್ನೂ ಬ್ಯಾಂಕೇ ಭರಿಸಬೇಕು. ಅದಕ್ಕೆ ಇನ್ನೂ 30 ದಿನಗಳ ಅವಕಾಶವುಂಟು, ಪರಿಹಾರದ ಲೆಕ್ಕ ಅನಂತರ.

ಐವತ್ತನೆಯ ದಿನ ನೋಂದಣಿ ಕಚೇರಿಯ ಹಳೆಯ ಸಂಪುಟದಿಂದ ನಕಲು ಬಂತು. ಮೂಲಗೇಣಿ ಚೀಟು ನೋಂದಾಯಿತವಾದುದರಿಂದ ಅಲ್ಲಿಯ ಪುಸ್ತಕದಲ್ಲಿ ಅದರ ಪಡಿಯಚ್ಚು ಉಳಿದಿತ್ತು. 1938ರ ಯಾರೋ ನಕಲುಗಾರನ ಗುಂಡು ಗುಂಡಾದ ಕನ್ನಡ ಅಕ್ಷರ. ಹುಳುಹಿಡಿದ ನಮ್ಮ ಅಸಲಿಗಿಂತ ಓದಲು ಸುಲಭ. ಹೊಸ ಬ್ಯಾಂಕಿನವರು ಅದರ ಮಲಯಾಳ ಸಾರಾಂಶವನ್ನು ಕೇಳಿದರು. ನಾನು ಓದಿದೆ, ಸೊಸೆಯ ಹಿರಿಯ ಮಗಳು, ಹತ್ತನೆಯ ತರಗತಿಯವಳು, ಪಕ್ಕದಲ್ಲಿ ಕುಳಿತು ಮಲಯಾಳದಲ್ಲಿ ಬರೆದುಕೊಂಡಳು. 'ಮೂಲಗೇಣಿ' ಎಂಬಲ್ಲಿ ಲೇಖನಿ ನಿಲ್ಲಿಸಿ, ಇದಕ್ಕೆ ಮಲಯಾಳದಲ್ಲಿ ಏನೆಂದು ಬರೆಯಲಿ ಎಂದಳು. ಹಾಗೆಯೇ ಬರೆ ಎಂದೆ. ವಕೀಲರು ಆ ಪದವನ್ನು ತಿದ್ದದೆ ಒಪ್ಪಿಕೊಂಡರು. ಆ ತಿಂಗಳಿನ ಕಂತು ಹೊಸ ಲೆಕ್ಕದಂತೆ ಹೋಯಿತು.